ಒಂದೇ ದಪ್ಪು, ಎರಡು ಪಂಥ: ಹಾರೂಗೇರಿ ಸೀಮೆಯ ಹರದೇಶಿ–ನಾಗೇಶಿ ಹಾಡಿಕೆ

ಬೆಳಗಾವಿ ಜಿಲ್ಲೆಯ ರಾಯಬಾಗ ತಾಲೂಕಿನ ಹಾರೂಗೇರಿ ಹಾಗೂ ಅದರ ಆಸುಪಾಸಿನ ಅಥಣಿ, ಚಿಕ್ಕೋಡಿ, ಕಾಗವಾಡ, ನಿಪ್ಪಾಣಿ ಸೀಮೆಯಲ್ಲಿ ಜಾತ್ರೆಯ ಹಗಲು ಕುಸ್ತಿಗೆ ಮೀಸಲಾದರೆ ರಾತ್ರಿ ಹಾಡಿಕೆಗೆ ಮೀಸಲು. ಪಲ್ಲಕ್ಕಿಯ ಸೇವೆ ಮುಗಿದು, ಊಟವಾಗಿ, ಜನ ಕಂಬಳಿ ಹೊದ್ದು ಬಂದು ಕೂತ ಮೇಲೆ ಎರಡು ಮೇಳಗಳು ಎದುರುಬದುರಾಗುತ್ತವೆ. ಒಂದು ಹರದೇಶಿ, ಇನ್ನೊಂದು ನಾಗೇಶಿ. ಹರದೇಶಿಯವರು ಹರನೇ ಹೆಚ್ಚು, ಪುರುಷನೇ ಹೆಚ್ಚು ಎಂದು ಹಾಡಿದರೆ ನಾಗೇಶಿಯವರು ಶಕ್ತಿಯೇ ಹೆಚ್ಚು, ಹೆಣ್ಣೇ ಹೆಚ್ಚು ಎಂದು ಹಾಡುತ್ತಾರೆ. ಒಬ್ಬರು ಸವಾಲು ಹಾಕುತ್ತಾರೆ, ಇನ್ನೊಬ್ಬರು ಜವಾಬು ಕೊಡುತ್ತಾರೆ. ಜವಾಬಿನ ತುದಿಯಲ್ಲಿಯೇ ಮರುಸವಾಲು ಕಟ್ಟುತ್ತಾರೆ. ಬೆಳ್ಳಿಚುಕ್ಕಿ ಮೂಡುವವರೆಗೆ ಈ ವಾದ ಸಾಗುತ್ತದೆ.

ಈ ಹಾಡಿಕೆಯನ್ನು ಕುರಿತ ಬರಹಗಳಲ್ಲಿ ಬಹುಪಾಲು ಎರಡು ಪಂಥಗಳ ತತ್ತ್ವಭೇದವನ್ನು ವಿವರಿಸುವುದರಲ್ಲಿಯೇ ಮುಗಿಯುತ್ತವೆ. ಶಿವ ಮತ್ತು ಶಕ್ತಿ, ಪುರುಷ ಮತ್ತು ಪ್ರಕೃತಿ, ಬ್ರಹ್ಮ ಮತ್ತು ಮಾಯೆ ಎಂಬ ಜೋಡಿಗಳನ್ನು ಹೇಳಿ, ಒಂದೊಂದಕ್ಕೂ ಒಂದೆರಡು ಪದಗಳನ್ನು ಉದಾಹರಿಸಿ ನಿಲ್ಲಿಸುವುದು ವಾಡಿಕೆ. ಅದು ತಪ್ಪಲ್ಲ, ಆದರೆ ಅದರಿಂದ ಒಂದು ಸರಳ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಎರಡೂ ಮೇಳಗಳು ಬಾರಿಸುವುದು ಅದೇ ದಪ್ಪು, ಮೀಟುವುದು ಅದೇ ತುಂತುಣಿ, ಹಿಡಿಯುವುದು ಅದೇ ತಾಳ. ಮಟ್ಟುಗಳು ಒಂದೇ, ಪುರಾಣ ಒಂದೇ, ಕೂತ ಜನವೂ ಒಂದೇ. ಹಾಗಿದ್ದರೆ ಇವೆರಡನ್ನು ಬೇರ್ಪಡಿಸಿದ್ದು ಯಾವುದು? ಬೇರ್ಪಟ್ಟದ್ದು ಜನಕ್ಕೆ ಇಷ್ಟು ಹಿಡಿಸಿದ್ದು ಏಕೆ?

ಮೊದಲು ಮೇಳದ ಸ್ವರೂಪವನ್ನು ನೋಡಬೇಕು. ಗೀಗೀ ಮೇಳವೆಂದರೆ ಮೂವರು ನಾಲ್ವರ ಚಿಕ್ಕ ಗುಂಪು. ಮುಂದಿನ ಹಾಡುಗಾರನ ಕೈಯಲ್ಲಿ ದಪ್ಪು. ಹಿಮ್ಮೇಳದ ಒಬ್ಬನಿಗೆ ತುಂತುಣಿ, ಮತ್ತೊಬ್ಬನಿಗೆ ಕಂಚಿನ ತಾಳ. ಧೋತರ, ಅಂಗಿ, ತಲೆಗೆ ರುಮಾಲು, ಹೆಗಲಿಗೆ ಶಲ್ಯ. ಮುಂದಿನವನು ಎತ್ತಿದ ನುಡಿಯ ಕೊನೆಯನ್ನು ಹಿಮ್ಮೇಳದವರು ಹಿಡಿದು, ‘ಗೀ ಗೀ’ ಎಂಬ ಸೊಲ್ಲಿನಲ್ಲಿ ಎಳೆದು ತಾಳಕ್ಕೆ ಕೂಡಿಸುತ್ತಾರೆ. ಈ ಸೊಲ್ಲಿನಿಂದಲೇ ಹಾಡಿಗೆ ಗೀಗೀ ಪದವೆಂಬ ಹೆಸರು ಬಂದಿದೆ. ಅರ್ಥವಿಲ್ಲದ ಈ ಸೊಲ್ಲಿಗೆ ಒಂದು ಕೆಲಸವಿದೆ. ಹಿಮ್ಮೇಳ ಅದನ್ನು ಎಳೆಯುವ ಹೊತ್ತಿನಲ್ಲಿ ಮುಂದಿನವನು ಉಸಿರು ತಿರುಗಿಸಿಕೊಳ್ಳುತ್ತಾನೆ, ಮುಂದಿನ ನುಡಿಯನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಾನೆ. ಕೇಳುಗನೂ ಆಡಿದ ಮಾತನ್ನು ತೂಗಿ ನೋಡುತ್ತಾನೆ. ವಾದದ ಹಾಡಿಗೆ ಇಂಥ ಬಿಡುವು ಇಲ್ಲದೆ ಹೋದರೆ ವಾದವೂ ಉಳಿಯದು, ಹಾಡೂ ಉಳಿಯದು.

ಈ ಕಲೆಯ ಬೇರುಗಳನ್ನು ಹುಡುಕಲು ಅದರ ಪಾರಿಭಾಷಿಕ ಪದಗಳೇ ಒಳ್ಳೆಯ ದಾರಿ ತೋರುತ್ತವೆ. ಪಲ್ಲ, ನುಡಿ, ಏರು, ಇಳವು ಎಂಬವು ಕನ್ನಡದ ನೆಲದವು. ಹಾಡಿನ ಕಟ್ಟಡಕ್ಕೆ ಸಂಬಂಧಿಸಿದವು. ಸವಾಲು, ಜವಾಬು, ಖ್ಯಾಲಿ, ಚಾಲ ಎಂಬವು ಉತ್ತರದಿಂದ ಬಂದವು; ಸ್ಪರ್ಧೆಗೆ ಮತ್ತು ಧಾಟಿಗೆ ಸಂಬಂಧಿಸಿದವು. ದಪ್ಪು ಎಂಬ ಹೆಸರೇ ಡಫ ಎಂಬ ಅರಬ್ಬೀ–ಪಾರಸಿ ಮೂಲದ ವಾದ್ಯನಾಮದ ಕನ್ನಡ ರೂಪ. ಹಾಡನ್ನು ಕಟ್ಟುವ ಬಗೆ ಬಹುಮಟ್ಟಿಗೆ ಇಲ್ಲಿಯದು, ಹಾಡನ್ನು ಎದುರಾಳಿಯ ಮುಂದೆ ಒಡ್ಡುವ ಬಗೆ ಹೊರಗಿನಿಂದ ಬಂದದ್ದು ಎಂದು ಈ ಪದಗಳ ಹಂಚಿಕೆಯಿಂದ ಊಹಿಸಲು ಅವಕಾಶವಿದೆ.

ಹೊರಗಿನದೆಂದರೆ ಎಲ್ಲಿಯದು? ಉತ್ತರ ಭಾರತದಲ್ಲಿ ತುರಾ–ಕಲ್ಗಿ ಎಂಬ ಹೆಸರಿನ ಇಂಥದೇ ಎರಡು ಪಂಥಗಳಿವೆ. ಅವುಗಳ ಉಗಮವನ್ನು ಹೇಳುವ ಐತಿಹ್ಯವೊಂದು ರಾಜಸ್ಥಾನ ಮತ್ತು ಮಧ್ಯಪ್ರದೇಶದಲ್ಲಿ ಪ್ರಚಲಿತವಾಗಿದೆ. ತುಕನಗೀರ್ ಎಂಬ ಹಿಂದೂ ಸಂನ್ಯಾಸಿ, ಶಾಹ ಅಲಿ ಎಂಬ ಮುಸಲ್ಮಾನ ಫಕೀರ, ಇಬ್ಬರೂ ಚಂದೇರಿಯ ಅರಸನ ಮುಂದೆ ಪದ್ಯದಲ್ಲಿ ವಾದಿಸಿದರು. ಮೆಚ್ಚಿದ ಅರಸ ತನ್ನ ಮುಂಡಾಸಿನ ತುರಾಯಿಯನ್ನು ಒಬ್ಬನಿಗೆ, ಕಲ್ಗಿಯನ್ನು ಇನ್ನೊಬ್ಬನಿಗೆ ಕೊಟ್ಟನು ಎಂಬುದು ಅದರ ಸಾರ. ತುರಾ ಪಕ್ಷ ಶಿವನದು, ಕಲ್ಗಿ ಪಕ್ಷ ಶಕ್ತಿಯದು. ಚಿತ್ತೋಡಗಢ, ಘೋಸುಂಡಾ ಕಡೆಯ ತುರಾ–ಕಲ್ಗಿ ಆಟಗಳಲ್ಲಿ ಒಂದು ಪಕ್ಷಕ್ಕೆ ಕೇಸರಿ, ಇನ್ನೊಂದಕ್ಕೆ ಹಸಿರು ಬಣ್ಣದ ಗುರುತು ಇದೆ. ಐತಿಹ್ಯವನ್ನು ಇತಿಹಾಸವೆಂದು ಒಪ್ಪಬೇಕಾಗಿಲ್ಲ. ಆದರೆ ಒಂದು ಅಂಶ ಗಮನಾರ್ಹ. ಈ ಕಥೆಯಲ್ಲಿ ಸೋತವರಿಲ್ಲ. ಒಂದೇ ಮುಂಡಾಸಿನ ಎರಡು ಆಭರಣಗಳು ಎರಡು ಕೈಗೆ ಹೋಗಿವೆ. ಶಕ್ತಿಯ ಪಕ್ಷ ವಹಿಸಿದವನು ಫಕೀರನೆಂಬುದನ್ನೂ ಮರೆಯುವಂತಿಲ್ಲ.

ಮಹಾರಾಷ್ಟ್ರದ ಶಾಹಿರರಲ್ಲಿ ಈ ಭೇದ ಪೇಶವೆಯರ ಕಾಲಕ್ಕೆ ಬಲವಾಗಿ ಬೇರೂರಿತ್ತು. ಅಲ್ಲಿ ಕಲ್ಗಿಯವರಿಗೆ ನಾಗೇಶರೆಂದೂ ತುರಾದವರಿಗೆ ಹರದಾಸರೆಂದೂ ಹೆಸರುಗಳಿವೆ. ಕನ್ನಡದ ನಾಗೇಶಿ, ಹರದೇಶಿ ಎಂಬ ರೂಪಗಳನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿದರೆ ಸಂಬಂಧ ತಾನಾಗಿ ಹೊಳೆಯುತ್ತದೆ. ಹರದೇಶಿ ಎಂಬುದನ್ನು ‘ಹರ’ ಮತ್ತು ‘ದೇಶಿ’ ಎಂದು ಬಿಡಿಸಿ ಅರ್ಥ ಹೇಳುವ ಪ್ರಯತ್ನ ಜಾಣತನದ್ದಾದರೂ ಅವಶ್ಯವಿಲ್ಲ. ಸೊಲ್ಲಾಪುರದ ರಾಮಜೋಶಿಯು (1762–1812) ಕನ್ನಡ ಮಾತುಗಳನ್ನೂ ಬೆರೆಸಿ ಬಹುಭಾಷಾ ಲಾವಣಿ ಕಟ್ಟಿದವನು. 1818ರಲ್ಲಿ ಪೇಶವೆಯರ ಆಳ್ವಿಕೆ ಕೊನೆಗೊಂಡ ಮೇಲೆ ಪುಣೆಯ ಆಶ್ರಯ ತಪ್ಪಿದರೂ ಕಲೆ ನಿಲ್ಲಲಿಲ್ಲ. ದಕ್ಷಿಣ ಮಹಾರಾಷ್ಟ್ರದ ಸಂಸ್ಥಾನಗಳಲ್ಲಿ, ಅವುಗಳಿಗೆ ಹೊಂದಿದ ಕನ್ನಡ ಹಳ್ಳಿಗಳಲ್ಲಿ ಅದು ಉಳಿದುಕೊಂಡಿತು.

ಹಾರೂಗೇರಿ ಸೀಮೆಯ ಮಹತ್ವ ಇರುವುದು ಇಲ್ಲಿಯೇ. ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಅಥಣಿ, ಚಿಕ್ಕೋಡಿ ತಾಲೂಕುಗಳು ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಯಲ್ಲಿದ್ದವು. ಸಾಂಗಲಿ, ಮಿರಜ, ಜಮಖಂಡಿ, ಮುಧೋಳ ಸಂಸ್ಥಾನಗಳು ಸುತ್ತಲೂ ಹರಡಿಕೊಂಡಿದ್ದವು. 1949ರಲ್ಲಿ ಕೊಲ್ಲಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ 1ರಂದು ಈ ಭಾಗವೆಲ್ಲ ಮೈಸೂರು ರಾಜ್ಯಕ್ಕೆ ಬಂದಿತು. ಒಂದು ತಲೆಮಾರಿನೊಳಗೆ ಆಳುವವರು ಮೂರು ಬಾರಿ ಬದಲಾದರೂ ಹಾಡುಗಾರನ ಸಂಚಾರದ ಹಾದಿ ಬದಲಾಗಲಿಲ್ಲ. ಕನ್ನಡ ಮನೆಮಾತಿನ ಹಾಡುಗಾರ ಮರಾಠಿ ಶಾಹಿರನ ಮಟ್ಟನ್ನು ಕೇಳಿ ಕನ್ನಡದಲ್ಲಿ ನುಡಿ ಕಟ್ಟುವುದು ಇಲ್ಲಿ ಅನುವಾದವೆನಿಸುವುದಿಲ್ಲ. ಸಂತೆಯಲ್ಲಿ ಎರಡು ಭಾಷೆಯಲ್ಲಿ ವ್ಯಾಪಾರ ಮಾಡುವಷ್ಟೇ ಸಹಜವಾದ ಕೆಲಸ ಅದು.

ಹೊರಗಿನಿಂದ ಬಂದ ಬೀಜಕ್ಕೆ ನೆಲವೂ ಹದವಾಗಿರಬೇಕು. ರಾಯಬಾಗ ತಾಲೂಕಿನದೇ ಆದ ಚಿಂಚಲಿಯಲ್ಲಿ ಮಾಯಕ್ಕನ ಗುಡಿಯಿದೆ. ಭಾರತ ಹುಣ್ಣಿಮೆಯ ಸುಮಾರಿಗೆ ನಡೆಯುವ ಆಕೆಯ ಜಾತ್ರೆಗೆ ಕರ್ನಾಟಕದ ಕುರುಬರೂ ಮಹಾರಾಷ್ಟ್ರದ ಧನಗರರೂ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಭಂಡಾರ ಹಾರಿ ನೆಲವೂ ಮೈಯೂ ಹಳದಿಯಾಗುತ್ತವೆ. ತುಸು ದೂರದಲ್ಲಿ ಸವದತ್ತಿಯ ಎಲ್ಲಮ್ಮನಿದ್ದಾಳೆ. ಆಕೆಯ ಚೌಡಿಕೆ ಪದಗಳನ್ನು ಕೇಳದ ಹಳ್ಳಿ ಈ ಭಾಗದಲ್ಲಿಲ್ಲ. ಇದೇ ಸೀಮೆಯಲ್ಲಿ ಮುಗಳಖೋಡದ ಯಲ್ಲಾಲಿಂಗ ಮಹಾರಾಜರ ಮಠ, ಅಥಣಿಯ ಮುರುಘೇಂದ್ರ ಶಿವಯೋಗಿಗಳ ಗಚ್ಚಿನಮಠ ಮೊದಲಾದ ಶೈವ–ವೀರಶೈವ ನೆಲೆಗಳೂ ಇವೆ. ರಾತ್ರಿಯ ಭಜನೆಯಲ್ಲಿ ತತ್ತ್ವಪದಗಳ ಅಭ್ಯಾಸವೂ ಇದೆ. ತಾಯಿಯ ಜಾತ್ರೆಗೆ ಹೋದವನೇ ಮಠದ ಭಜನೆಗೂ ಕೂರುತ್ತಾನೆ. ಶಿವ ಹೆಚ್ಚೋ ಶಕ್ತಿ ಹೆಚ್ಚೋ ಎಂಬ ಪ್ರಶ್ನೆ ಅವನಿಗೆ ಪಂಡಿತರ ಪ್ರಶ್ನೆಯಾಗಿರಲಿಲ್ಲ. ಅವನ ವರ್ಷದ ಪಂಚಾಂಗದಲ್ಲಿಯೇ ಇದ್ದ ಪ್ರಶ್ನೆ ಅದು.

ವಾದದ ಸಾಮಗ್ರಿಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಎಲ್ಲಮ್ಮನ ಕಥೆಯನ್ನೇ ತೆಗೆದುಕೊಳ್ಳಬಹುದು. ಜಮದಗ್ನಿಯ ಮಾತಿಗೆ ಪರಶುರಾಮ ತಾಯಿಯ ತಲೆ ಕಡಿದನು. ಗಂಡನ ಮಾತು ನಡೆಯಿತು, ಮಗನ ಕೊಡಲಿ ನಡೆಯಿತು ಎಂದು ಹರದೇಶಿಯವನು ಹಾಡಬಹುದು. ಕಡಿದವನಿಗೆ ಎಷ್ಟು ಗುಡಿಗಳಿವೆ, ಕಡಿಸಿಕೊಂಡವಳಿಗೆ ಎಷ್ಟು ಜನ ನಡೆದುಕೊಳ್ಳುತ್ತಾರೆ ಎಂದು ನಾಗೇಶಿಯವನು ಮರುಸವಾಲು ಹಾಕಬಹುದು. ಶಿವ ಗಂಗೆಯನ್ನು ಜಡೆಯಲ್ಲಿ ಕಟ್ಟಿದನೆಂದರೆ ಹೆಣ್ಣು ತಲೆಯ ಮೇಲೆ ಕೂತಳೆಂಬ ಉತ್ತರ ಸಿದ್ಧ. ಭಸ್ಮಾಸುರನಿಗೆ ವರ ಕೊಟ್ಟವನು ಹರ, ಅವನಿಗೆ ಹೆದರಿ ಓಡಿದವನೂ ಹರ; ಉಳಿಸಲು ವಿಷ್ಣು ಹೆಣ್ಣಾಗಬೇಕಾಯಿತು ಎಂಬುದು ನಾಗೇಶಿಯ ಕೈಯ ಬಲವಾದ ಅಸ್ತ್ರ. ಹಾಗೆ ಹೆಣ್ಣಾದವನು ಗಂಡೇ ಅಲ್ಲವೇ ಎಂಬುದು ಹರದೇಶಿಯ ಗುರಾಣಿ. ಚಾಮರಸನ ಪ್ರಭುಲಿಂಗಲೀಲೆಯ ಮೂಲಕ ಜನಮನಕ್ಕೆ ಬಂದ ಮಾಯೆ–ಅಲ್ಲಮರ ಕಥೆ ಹರದೇಶಿಗೆ ಒದಗಿದರೆ, ಕೌಶಿಕನ ಅರಮನೆಯನ್ನು ಬಿಟ್ಟು ನಡೆದ ಅಕ್ಕಮಹಾದೇವಿ ನಾಗೇಶಿಗೆ ಒದಗುತ್ತಾಳೆ. ಹೋಳಿ ಹುಣ್ಣಿಮೆ ಬಂದಿತೆಂದರೆ ಕಾಮದಹನದ ಕಥೆ. ಕಾಮನನ್ನು ಸುಟ್ಟ ಹಣೆಗಣ್ಣು ದೊಡ್ಡದೋ, ರತಿಯ ಅಳಲಿಗೆ ಕರಗಿ ಅವನನ್ನು ಮತ್ತೆ ಬದುಕಿಸಬೇಕಾಗಿ ಬಂದ ಕರುಣೆ ದೊಡ್ಡದೋ? ಈ ಪ್ರಶ್ನೆಗೆ ಕೊನೆಯ ಉತ್ತರವಿಲ್ಲ. ಇಲ್ಲದಿರುವುದರಿಂದಲೇ ಅದು ವರ್ಷ ವರ್ಷವೂ ಹೊಸದಾಗಿ ಹಾಡಲು ಬರುತ್ತದೆ.

ಗಮನಿಸಬೇಕಾದುದೆಂದರೆ, ಒಬ್ಬ ಸಮರ್ಥ ಹಾಡುಗಾರನಿಗೆ ಎರಡೂ ಪಕ್ಷದ ಕಥೆಗಳು ಬಾಯಿಪಾಠವಿರಬೇಕು. ಎದುರಾಳಿಯ ಬಾಣ ಯಾವ ಬತ್ತಳಿಕೆಯಿಂದ ಬರುತ್ತದೆಂದು ತಿಳಿಯದವನು ಜವಾಬು ಕಟ್ಟಲಾರ. ಜವಾಬನ್ನು ಎದುರಾಳಿ ಎತ್ತಿದ ಮಟ್ಟಿನಲ್ಲಿಯೇ ಕೊಟ್ಟರೆ ಅದಕ್ಕೆ ತೂಕ ಹೆಚ್ಚು. ಆದುದರಿಂದ ಪಂಥಭೇದವು ಜ್ಞಾನಭೇದವಲ್ಲ, ನಂಬಿಕೆಯ ಭೇದವೂ ಅಷ್ಟಾಗಿ ಅಲ್ಲ. ಹರದೇಶಿಯ ಹಾಡುಗಾರ ಮಾಯಕ್ಕನಿಗೆ ಭಂಡಾರ ಒಯ್ಯುವುದನ್ನು ಬಿಟ್ಟವನಲ್ಲ. ನಾಗೇಶಿಯವನು ಕೊರಳ ಲಿಂಗವನ್ನು ತೆಗೆದಿಟ್ಟವನಲ್ಲ. ಯಾವ ಗುರುವಿನ ಹತ್ತಿರ ದಪ್ಪು ಹಿಡಿಯಲು ಕಲಿತನೋ ಆ ಗುರುವಿನ ಪಂಥ ಶಿಷ್ಯನದಾಗುತ್ತದೆ. ಕೇಳುವವರ ಪಕ್ಷವೂ ಹಾಗೆಯೇ. ಓಣಿ, ಬೀಗತನ, ಮೆಚ್ಚಿದ ಕಂಠ ಇವುಗಳಿಂದ ಕಟ್ಟಿಕೊಂಡದ್ದು.

ಇದಕ್ಕೆ ಹತ್ತಿರದ ಹೋಲಿಕೆ ದೇವಾಲಯದಲ್ಲಿಲ್ಲ, ಕುಸ್ತಿಯ ಕಣದಲ್ಲಿದೆ. ಕೊಲ್ಲಾಪುರದ ಶಾಹೂ ಮಹಾರಾಜರ ಆಳ್ವಿಕೆಯಲ್ಲಿ (1894–1922) ಕುಸ್ತಿಗೆ ದೊರೆತ ಆಶ್ರಯ ಈ ಸೀಮೆಯ ಹಳ್ಳಿಹಳ್ಳಿಯ ಗರಡಿಗಳಿಗೂ ಹುರುಪು ತಂದಿತ್ತು. ಜಾತ್ರೆಯ ಪಂಚರು ಪೈಲವಾನರಿಗೆ ಜೋಡಿ ಹಚ್ಚುವಂತೆಯೇ ಮೇಳಗಳಿಗೂ ಜೋಡಿ ಹಚ್ಚುತ್ತಾರೆ. ವೀಳ್ಯ ಕೊಟ್ಟು ಕರೆಸುವಾಗ ಎದುರಿಗೆ ಯಾರು ಎಂಬುದು ಮೊದಲ ಮಾತು. ಸರಿಯಾದ ಜೋಡಿ ಕೂಡದಿದ್ದರೆ ರಾತ್ರಿ ಸಪ್ಪೆ. ಮೆಚ್ಚಿದ ನುಡಿಗೆ ಎದ್ದು ಬಂದು ಆಯೇರ ಮಾಡುವವರಲ್ಲಿ ಎದುರು ಪಕ್ಷದ ಅಭಿಮಾನಿಗಳೂ ಇರುತ್ತಾರೆ. ಚೆನ್ನಾಗಿ ಹಾಕಿದ ಪಟ್ಟನ್ನು ಸೋತವನ ಊರಿನವರೂ ಮೆಚ್ಚುವಂತೆ. ಬೆಳಗಿನ ಜಾವಕ್ಕೆ ಶಿವ–ಶಕ್ತಿ ಬೇರೆಯಲ್ಲವೆಂದು ಹಾಡಿ ಮಂಗಳ ಮಾಡುವುದು ಸಾಮಾನ್ಯ ಪದ್ಧತಿ. ಕುರುಬರ ಡೊಳ್ಳಿನ ಹಾಡಿಕೆಯಲ್ಲಿಯೂ ಹರದೇಶಿ–ನಾಗೇಶಿ ಎಂಬ ಪಕ್ಷಗಳು ಕಾಣಿಸಿಕೊಂಡಿರುವುದು ಈ ಜೋಡಿ ಹಚ್ಚುವ ಚಪಲ ಎಷ್ಟು ಆಳವಾದುದೆಂಬುದಕ್ಕೆ ಸಾಕ್ಷಿ.

ಒಂದೇ ಬಡಿತದ ಮೇಲೆ ಎರಡು ಪಂಥಗಳು ನಿಲ್ಲುವುದು ಈ ಸೀಮೆಗೆ ಮಾತ್ರ ಸೀಮಿತವಾದ ಸಂಗತಿಯಲ್ಲ. ಬೆಳಗಾವಿಯಿಂದ ಘಟ್ಟವಿಳಿದರೆ ಗೋವೆ. ಅಲ್ಲಿಯ ಅಂಜುನಾ ಕಡಲ ದಂಡೆಯ ರಾತ್ರಿಗಳಲ್ಲಿ ವಿದೇಶೀಯರ ನಡುವೆ ಬೆಳೆದು, 1990ರ ದಶಕದಲ್ಲಿ ಗೋವೆಯ ಹೆಸರಿನಿಂದಲೇ ಲೋಕಕ್ಕೆ ಪರಿಚಿತವಾದ ಟ್ರಾನ್ಸ್ ಸಂಗೀತವಿದೆ. ಅದೇ ದಶಕದ ಆರಂಭದಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿಯೂ ಟ್ರಾನ್ಸ್ ರೂಪುಗೊಂಡಿತು. ಅದಕ್ಕೂ ಮೊದಲು ಅಮೆರಿಕದ ಷಿಕಾಗೋ ನಗರದಲ್ಲಿ 1977ರಲ್ಲಿ ತೆರೆದ ವೇರ್‌ಹೌಸ್ ಎಂಬ ನೃತ್ಯಶಾಲೆಯ ಹೆಸರಿನಿಂದ ಹೌಸ್ ಎಂಬ ಸಂಗೀತಕ್ಕೆ ಆ ಹೆಸರು ಬಂದಿತೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ಫ್ರ್ಯಾಂಕಿ ನಕಲ್ಸ್ ಎಂಬ ಕಪ್ಪು ಕಲಾವಿದ ಅಲ್ಲಿ ಧ್ವನಿಮುದ್ರಿಕೆಗಳನ್ನು ಬೆಸೆದು ನುಡಿಸುತ್ತಿದ್ದನು. ಸಮಾಜ ಹೊರಗಿಟ್ಟಿದ್ದ ಕಪ್ಪು ಮತ್ತು ಲ್ಯಾಟಿನ್ ಮೂಲದ ಸಲಿಂಗಪ್ರೇಮಿಗಳು ಅಲ್ಲಿ ಸೇರುತ್ತಿದ್ದರು. ಹೌಸ್ ಮತ್ತು ಟ್ರಾನ್ಸ್ ಎರಡಕ್ಕೂ ಅಡಿಪಾಯ ಯಂತ್ರ ನುಡಿಸುವ ನಾಲ್ಕೇಟಿನ ಸಮತಾಳ. ಹೌಸಿನಲ್ಲಿ ಕರಿಯರ ಇಗರ್ಜಿಯ ಹಾಡಿಕೆಯ ಕಾವು, ಮನುಷ್ಯಕಂಠ, ಒಟ್ಟಿಗೆ ಕುಣಿಯುವ ಸಲಿಗೆ. ಟ್ರಾನ್ಸಿನಲ್ಲಿ ಹೆಚ್ಚಿದ ವೇಗ, ದೀರ್ಘವಾದ ಏರಿಕೆ, ತಡೆದು ನಿಲ್ಲಿಸಿ ಮತ್ತೆ ಹರಿಯಬಿಡುವ ಉದ್ವೇಗ, ಕೇಳುಗ ತನ್ನನ್ನು ಮರೆಯಬೇಕೆಂಬ ಗುರಿ. ಎರಡರ ಅಭಿಮಾನಿಗಳೂ ತಮ್ಮದೇ ಹೆಚ್ಚೆಂದು ವಾದಿಸುತ್ತಾರೆ. ತಾಳದ ಲೆಕ್ಕ ಹಾಕಿ ಈ ಜಗಳವನ್ನು ಬಗೆಹರಿಸಲಾಗದು. ಯಾರು, ಎಲ್ಲಿ, ಯಾವ ಹಸಿವಿನಿಂದ ಸೇರಿದರು ಎಂಬುದರಲ್ಲಿ ಅದರ ಮೂಲವಿದೆ.

ಈ ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ಹರದೇಶಿ ಹೌಸಲ್ಲ, ನಾಗೇಶಿ ಟ್ರಾನ್ಸಲ್ಲ. ತನ್ನನ್ನು ಮರೆಯಿಸುವ ಸಂಗೀತ ಹಾರೂಗೇರಿ ಸೀಮೆಯಲ್ಲಿ ಬೇರೆಯೇ ಇದೆ. ಡೊಳ್ಳಿನ ಗತಿ ಏರಿದಂತೆ ಮೈತುಂಬುವವರನ್ನು ಮಾಯಕ್ಕನ ಜಾತ್ರೆಯಲ್ಲಿ ಕಾಣಬಹುದು. ಏಕತಾರಿಯ ಭಜನೆಯಲ್ಲಿ ಕಣ್ಣು ಮುಚ್ಚಿ ತೂಗುವವರನ್ನು ಮಠಗಳಲ್ಲಿ ಕಾಣಬಹುದು. ಗೀಗೀ ಹಾಡಿಕೆ ಇವೆರಡರಿಂದಲೂ ದೂರ ನಿಂತಿದೆ. ಅಲ್ಲಿ ಮೈಮರೆತ ಕೇಳುಗ ಕೆಟ್ಟ ಕೇಳುಗ. ಸವಾಲಿನ ಗಂಟು ಎಲ್ಲಿದೆಯೆಂದು ನೆನಪಿಟ್ಟುಕೊಂಡವನಿಗೆ ಮಾತ್ರ ಜವಾಬಿನ ರುಚಿ ದಕ್ಕುತ್ತದೆ. ಇಡೀ ರಾತ್ರಿ ಎಚ್ಚರವಾಗಿರುವುದೇ ಇಲ್ಲಿಯ ಸುಖ. ಅಕ್ಷರ ಬಾರದ ರೈತ, ಕೂಲಿಕಾರ, ಕುರುಬ ಪುರಾಣವನ್ನು ಭಕ್ತಿಯಿಂದ ಕೇಳಿ ಕೈಮುಗಿಯುವುದರ ಜೊತೆಗೆ ಅದನ್ನು ಅಲುಗಾಡಿಸಿ ನೋಡುವ ಅಧಿಕಾರವನ್ನೂ ಪಡೆದದ್ದು ಈ ಹಾಡಿಕೆಯಲ್ಲಿ. ಹರದೇಶಿ–ನಾಗೇಶಿಯ ಸೆಳೆತಕ್ಕೆ ಇದಕ್ಕಿಂತ ದೊಡ್ಡ ಕಾರಣ ಕಾಣುವುದಿಲ್ಲ.

ಈ ಅಧಿಕಾರ ಹೆಣ್ಣಿಗೆ ಎಷ್ಟು ದಕ್ಕಿತು ಎಂಬುದು ಬೇರೆ ಪ್ರಶ್ನೆ. ಬಹುಕಾಲ ಹೆಣ್ಣು ಹೆಚ್ಚೆಂದು ಹಾಡಿದವರೂ ಗಂಡಸರೇ. ಮುಂದೆ ಹೆಣ್ಣುಮಕ್ಕಳ ಮೇಳಗಳು ಹುಟ್ಟಿ, ಹರದೇಶಿಗೆ ಗಂಡಸರು, ನಾಗೇಶಿಗೆ ಹೆಂಗಸರು ಎಂಬ ಹಂಚಿಕೆ ಅನೇಕ ಕಡೆ ರೂಢಿಯಾಯಿತು. ಇದರಿಂದ ವಾದಕ್ಕೆ ಹೊಸ ಕಾವು ಬಂದಿತು. ಶಕ್ತಿಯ ಮಾತನ್ನು ಹೆಣ್ಣೇ ಎದುರು ನಿಂತು ಆಡಿದಾಗ, ಪುರಾಣದ ಪಾರ್ವತಿಯ ಹಿಂದೆ ಊರಿನ ಸೊಸೆ, ಮಗಳು, ವಿಧವೆ ಕಾಣಿಸಿಕೊಂಡರು. ಹೆರಿಗೆ, ಬಾಣಂತನ, ಹೊಲದ ದುಡಿಮೆ ವಾದದ ವಿಷಯಗಳಾದವು. ಶ್ರೀಕೃಷ್ಣ ಪಾರಿಜಾತದಲ್ಲಿ ಕೌಜಲಗಿ ನಿಂಗಮ್ಮನಂಥ ಕಲಾವಿದೆ ಗಳಿಸಿದ ಕೀರ್ತಿಯೂ ಹೆಣ್ಣು ರಂಗವೇರುವ ದಾರಿಯನ್ನು ಸುಗಮಗೊಳಿಸಿತ್ತು. ಆದರೆ ಆಕೆ ಹಾಡುವ ನುಡಿಯನ್ನು ಕಟ್ಟಿಕೊಟ್ಟವನು ಅನೇಕ ವೇಳೆ ಗಂಡು ಕವಿ. ಕೊನೆಯ ಅಂಕಿತ ಅವನದು. ಜೋಡಿ ಗಂಡು–ಹೆಣ್ಣಿನದಾದ ಮೇಲೆ ಸವಾಲುಗಳು ಪುರಾಣವನ್ನು ಬಿಟ್ಟು ಚೇಷ್ಟೆಗೆ, ಕೆಲವೊಮ್ಮೆ ಅಶ್ಲೀಲತೆಗೆ ಇಳಿದದ್ದೂ ಉಂಟು. ರಾತ್ರಿ ಶಕ್ತಿಯ ಹಿರಿಮೆಯನ್ನು ಸಾರಿದವಳಿಗೆ ಹಗಲಿನಲ್ಲಿ ಊರು ಅದೇ ಗೌರವವನ್ನು ಕೊಡಲಿಲ್ಲ. ವಾದದಲ್ಲಿ ಗೆಲ್ಲುವುದಕ್ಕೂ ಬಾಳಿನಲ್ಲಿ ಗೆಲ್ಲುವುದಕ್ಕೂ ಇರುವ ಈ ಅಂತರವನ್ನು ಕಲೆಯ ಹೊಗಳಿಕೆಯಲ್ಲಿ ಮುಚ್ಚಿಡುವುದು ಸಲ್ಲದು.

ಇಷ್ಟು ಜೀವಂತವಾಗಿದ್ದ ಹಾಡಿಕೆಯ ದಾಖಲೆ ಮಾತ್ರ ತೆಳುವಾಗಿದೆ. ಜೆ.ಎಫ್. ಫ್ಲೀಟರು 1885ರಿಂದ ಇಂಡಿಯನ್ ಆಂಟಿಕ್ವರಿಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸಿದಾಗ ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು, ಆದಾಯ ತೆರಿಗೆ ಮುಂತಾದ ವಿಷಯಗಳ ಹಾ‌ಡುಗಳನ್ನು ಆರಿಸಿಕೊಂಡರು. ಆಡಳಿತಗಾರನ ಕಣ್ಣಿಗೆ ದಂಗೆಯೂ ಅಪರಾಧವೂ ಕರವೂ ಕಂಡದ್ದು ಸಹಜ. ಇಡೀ ರಾತ್ರಿಯ ತತ್ತ್ವವಾದ ಆ ಆಯ್ಕೆಯಲ್ಲಿ ಬರಲಿಲ್ಲ. ಹಲಸಂಗಿಯ ಗೆಳೆಯರು, ಎಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ರೇವಪ್ಪ ಕಾಪಸೆ, ‘ಗರತಿಯ ಹಾಡು’ (1931) ಸಂಗ್ರಹದ ಜೊತೆಗೆ ಲಾವಣಿಗಳನ್ನೂ ‘ಜೀವನ ಸಂಗೀತ’ದಲ್ಲಿ ತಂದರು. ಹಲಸಂಗಿಯ ಖಾಜಾಭಾಯಿಯ ಲಾವಣಿಗಳು ನಾಡಿಗೆ ಪರಿಚಯವಾದದ್ದು ಇವರಿಂದ. ಅವರ ಒಲವು ಕಾವ್ಯಗುಣದತ್ತ ಇದ್ದುದರಿಂದ ಉತ್ತಮವಾದ ಬಿಡಿ ಪದಗಳು ಉಳಿದವು. ಆದರೆ ಯಾವ ಪದಕ್ಕೆ ಯಾವುದು ಜವಾಬಾಗಿ ಹುಟ್ಟಿತೆಂಬುದು ಬಿಡಿ ಪದಗಳ ಸಂಗ್ರಹದಿಂದ ತಿಳಿಯುವಂಥದಲ್ಲ.

ಸ್ವಾತಂತ್ರ್ಯ ಚಳವಳಿಯ ಕಾಲಕ್ಕೆ ದಪ್ಪು ಇನ್ನೊಂದು ಕೆಲಸಕ್ಕೆ ಬಂದಿತು. ರಾಮದುರ್ಗ ಭಾಗದ ಹುಲಕುಂದದ ಭೀಮಕವಿ ಮೊದಲಾದವರ ಗೀಗೀ ಪದಗಳು ಗಾಂಧೀಜಿಯ ಸಂದೇಶವನ್ನು ಹಳ್ಳಿಗೆ ಮುಟ್ಟಿಸಿದವು. ಎದುರಾಳಿ ಎದುರಿಗಿಲ್ಲದ, ಬ್ರಿಟಿಷ್ ಸರ್ಕಾರವೇ ಎದುರಾಳಿಯಾದ ಹಾಡಿಕೆ ಅದು. ಒಂದೇ ಮೇಳ ಸಾಕಾಗುತ್ತಿತ್ತು. ಸ್ವಾತಂತ್ರ್ಯಾನಂತರ ಕುಟುಂಬ ಯೋಜನೆ, ಸಾಕ್ಷರತೆಗಳ ಪ್ರಚಾರಕ್ಕೂ ಸರ್ಕಾರ ಇದೇ ಒಂಟಿ ಮೇಳವನ್ನು ಬಳಸಿತು. 1950ರ ಜನವರಿಯಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಗೀಗೀ ಪದಗಳನ್ನು ಮನೆಮನೆಗೆ ಒಯ್ದಿತು. ಆದರೆ ಬಾನುಲಿಯ ನಿಮಿಷಗಳ ಲೆಕ್ಕಕ್ಕೆ ರಾತ್ರಿಯಿಡೀ ನಡೆಯುವ ವಾದ ಹಿಡಿಸುವಂತಿರಲಿಲ್ಲ. ಕ್ಯಾಸೆಟ್ಟಿನ ಕಾಲವೂ ಬಹುಮಟ್ಟಿಗೆ ಇದೇ ದಾರಿ ಹಿಡಿಯಿತು. ಇವೆಲ್ಲವೂ ಕಲಾವಿದರಿಗೆ ಮನ್ನಣೆ ತಂದವು. ಜೊತೆಗೆ ಗೀಗೀ ಎಂದರೆ ಒಂದೇ ಮೇಳದ ಹಾಡೆಂಬ ಭಾವನೆಯನ್ನೂ ತಂದವು.

ಇತ್ತೀಚಿನ ಬದಲಾವಣೆಗಳು ಇನ್ನೂ ವೇಗವಾದವು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿದವು; 2005ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ನಿಯಮದ ಗುರಿ ಮೇಳಗಳಲ್ಲ. ಆದರೆ ಧ್ವನಿವರ್ಧಕವಿಲ್ಲದೆ ಹಾಡುವ ರೂಢಿ ತಪ್ಪಿಹೋಗಿರುವ ಮೇಳಗಳಿಗೆ ರಾತ್ರಿ ಹತ್ತು ಎಂದರೆ ಸ್ತುತಿಪದ ಮುಗಿಯುವ ಹೊತ್ತು. ಇತ್ತ ಜಾತ್ರೆಯ ಮೆರವಣಿಗೆಗಳಲ್ಲಿ ಈ ಭಾಗದವರು ಡಾಲ್ಬಿ ಎಂದು ಕರೆಯುವ ಭಾರಿ ಧ್ವನಿಪೆಟ್ಟಿಗೆಗಳು ಬಂದಿವೆ. ಅವುಗಳಲ್ಲಿ ಮೊಳಗುವುದು ಜನಪದ ಮಟ್ಟಿಗೆ ಯಂತ್ರದ ತಾಳ ಕೂಡಿಸಿದ ಹಾಡುಗಳು. ಷಿಕಾಗೋದ ನಾಲ್ಕೇಟಿನ ತಾಳ ಹಾರೂಗೇರಿಯ ಸಂತೆಪೇಟೆಯನ್ನು ಹೀಗೆ ಸುತ್ತುದಾರಿಯಿಂದ ತಲುಪಿದೆ. ರಾಯಬಾಗ ತಾಲೂಕಿನ ನಿಪನಾಳದ ಹೆಸರನ್ನು ತನ್ನ ಹೆಸರಿನೊಡನೆ ಹೊತ್ತ ಮಾಳು ನಿಪನಾಳರಂಥ ಗಾಯಕರ ಹಾಡುಗಳನ್ನು ಯೂಟ್ಯೂಬಿನಲ್ಲಿ ಲಕ್ಷಾಂತರ ಜನ ಕೇಳುತ್ತಾರೆ. ಇದನ್ನು ಅಪಭ್ರಂಶವೆಂದು ತಳ್ಳಿಹಾಕುವುದು ವಿದ್ವಾಂಸರಿಗೆ ಸುಲಭ. ಲಾವಣಿಯನ್ನು ಕುರಿತೂ ಒಂದು ಕಾಲಕ್ಕೆ ಶಿಷ್ಟರು ಇದೇ ಮಾತನ್ನಾಡಿದ್ದರು. ಈ ಹೊಸ ಹಾಡಿನಲ್ಲಿ ಕುಣಿತವಿದೆ, ಪ್ರೇಮವಿದೆ, ಲವಲವಿಕೆಯಿದೆ. ಸವಾಲಿಗೆ ಮಾತ್ರ ಎಡೆಯಿಲ್ಲ.

ಆದರೂ ಅದೇ ಯೂಟ್ಯೂಬಿನಲ್ಲಿ ಹರದೇಶಿ–ನಾಗೇಶಿ ಹಾಡಿಕೆಗಳ ದೀರ್ಘ ಮುದ್ರಣಗಳೂ ದೊರೆಯುತ್ತವೆ. ಬಾನುಲಿಗೆ ಹಿಡಿಸದ ಉದ್ದ ಇಲ್ಲಿ ಅಡ್ಡಿಯಾಗಿಲ್ಲ. ಮಹಾರಾಷ್ಟ್ರದ ಕೊಂಕಣದಲ್ಲಿಯೂ ಮುಂಬಯಿಯ ಕೊಂಕಣಿಗರಲ್ಲಿಯೂ ಶಕ್ತಿ–ತುರಾ ಎಂಬ ಹೆಸರಿನಿಂದ ಇದೇ ಪರಂಪರೆಯ ಜೋಡಿ ಪ್ರದರ್ಶನಗಳು ಇಂದಿಗೂ ಜನ ಸೆಳೆಯುತ್ತಿವೆ. ಎರಡು ಭಾಷೆಗಳ ಈ ಹಾಡಿಕೆಗಳನ್ನು ಜೊತೆಗಿಟ್ಟು ನೋಡುವ ಅಧ್ಯಯನಕ್ಕೆ ಹಾರೂಗೇರಿ ಸೀಮೆಗಿಂತ ಅನುಕೂಲವಾದ ನೆಲೆ ಇನ್ನೊಂದಿಲ್ಲ.

ಸಂಗ್ರಹಕಾರರಿಗೂ ಗ್ರಂಥಾಲಯಗಳಿಗೂ ಇಲ್ಲಿ ತೀರ ಪ್ರಾಯೋಗಿಕವಾದ ಒಂದು ಕೆಲಸವಿದೆ. ಹಾಡುಗಾರನ ವಹಿಯಲ್ಲಿ ಇರುವುದು ಸಾಮಾನ್ಯವಾಗಿ ಅವನ ಪಂಥದ ಪದಗಳು ಮಾತ್ರ. ಎದುರಾಳಿಯ ಪದ ಎದುರಾಳಿಯ ವಹಿಯಲ್ಲಿರುತ್ತದೆ, ಆ ವಹಿ ಬೇರೆ ಊರಿನಲ್ಲಿರುತ್ತದೆ. ಅಚ್ಚಾಗುವ ಸಂಗ್ರಹಗಳೂ ಹರದೇಶಿ ಪದಗಳನ್ನು ಒಂದು ಭಾಗದಲ್ಲಿ, ನಾಗೇಶಿ ಪದಗಳನ್ನು ಇನ್ನೊಂದು ಭಾಗದಲ್ಲಿ ಕೊಟ್ಟರೆ ಸವಾಲು ಒಂದು ಕಡೆಗೆ, ಜವಾಬು ಇನ್ನೊಂದು ಕಡೆಗೆ ಬೀಳುತ್ತದೆ. ಪದವನ್ನು ಬರೆದುಕೊಳ್ಳುವಾಗ ಅದನ್ನು ಹಾಡಿದ ಊರು, ಜಾತ್ರೆ, ತಿಥಿ, ಎದುರಿಗಿದ್ದ ಮೇಳ, ಅದರ ಹಿಂದಿನ ಪದ, ಮುಂದಿನ ಪದ ಇವಿಷ್ಟನ್ನು ದಾಖಲಿಸಿ, ಎರಡೂ ವಹಿಗಳನ್ನು ಒಂದೇ ಕ್ರಮಸಂಖ್ಯೆಯಡಿ ಇಡಬೇಕು. ಬೆಳಗಿನ ಮಂಗಳದವರೆಗೆ ಕೂತು ಕೇಳಿದ ಹಿರಿಯರು ಈ ಸೀಮೆಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಯಾವ ಪದಕ್ಕೆ ಯಾವ ಪದ ಜವಾಬೆಂದು ವಹಿ ನೋಡದೆಯೇ ಅವರು ಹೇಳಬಲ್ಲರು.